ಕುಂಬಳದ ಬಳ್ಳಿಗೆ ಹೇಳಿದ ಮಾತು

ಮಾರ್ಚ್ 3, ಸೋಮವಾರ

ಬಾಯಿಗೆ ಬೀಗ ಬಿತ್ತು. ಹಾಕಿದವರು ಗಂಟಲಿನ ಡಾಕ್ಟರು. ಕೀಲಿಕೈಯನ್ನೂ ತಾವೇ ಇಟ್ಟುಕೊಂಡಿದ್ದಾರೆ.

ಗಂಟಲಲ್ಲಿ ಸ್ವರ ಹೊರಡುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಗಂಟು ಬೆಳೆದಿತ್ತಂತೆ, ತೆಗೆದರು. ಗಾಯ ಮಾಗುವವರೆಗೆ, ಅಂದರೆ ಒಂದು ತಿಂಗಳು, ತುಟಿ ಎರಡು ಮಾಡುವಂತಿಲ್ಲ. ಪಿಸುಮಾತು ಆಡಬಹುದಾ ಎಂದು ಸ್ಲೇಟಿನ ಮೇಲೆ ಬರೆದು ಕೇಳಿದೆ. "ಅದು ಕೂಗೋದಕ್ಕಿಂತ ಕೆಟ್ಟದ್ದು" ಅಂದರು. ನಗಬಹುದಾ ಎಂದು ಬರೆದೆ. "ಸದ್ದಿಲ್ಲದೆ" ಅಂದರು. ಇನ್ನೂ ಕೇಳುವುದಿತ್ತು, ಅಷ್ಟರಲ್ಲಿ ಸ್ಲೇಟು ತುಂಬಿತ್ತು.

ನನ್ನ ಅನ್ನವೇ ಮಾತು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವವಳು ನಾನು. ಮಗಳು ಹುಟ್ಟುವುದಕ್ಕೂ ಮೊದಲಿನಿಂದ ಹೇಳುತ್ತಿದ್ದೇನೆ. ಮನೆಗೆ ಬಂದ ಮೇಲೂ ಮೈಕು ಆರುವುದಿಲ್ಲ ಎನ್ನುವುದು ಮಗಳ ದೂರು. ಸ್ವರ ಮೊದಲಿನಂತೆ ಬರದಿದ್ದರೆ ಕಳೆದುಹೋದ ಸಾಮಾನಿನ ಕೋಣೆಗೆ ಹಾಕುತ್ತೇನೆ ಎಂದು ನಮ್ಮ ಕಂಟ್ರೋಲರು ಆಗಲೇ ತಿಳಿಸಿದ್ದಾರೆ. ಜನ ಮರೆತು ಬಿಟ್ಟುಹೋದ ಕೊಡೆಗಳ ಮಧ್ಯೆ ದಿನವಿಡೀ ಕೂರಬೇಕು. ಕೊಡೆಯ ಹತ್ತಿರ ಏನು ಮಾತಾಡುವುದು? ಮನೆಯಲ್ಲಿ ಯಾರಿಗೂ ತೋರಿಸಿಕೊಂಡಿಲ್ಲ, ಆದರೆ ನನಗೆ ಭಯವಾಗಿದೆ.

ಈ ಪುಸ್ತಕ ಮಗಳು ತಂದುಕೊಟ್ಟದ್ದು. "ಮಾತು ಉಕ್ಕಿ ಬಂದಾಗೆಲ್ಲ ಇದಕ್ಕೆ ಸುರಿ, ನಮ್ಮ ಮೇಲೆ ಬೇಡ" ಅಂದಳು. ಕಾಲೇಜಿಗೆ ಹೋಗುವ ಹುಡುಗಿ, ಬಾಯಿ ನನ್ನದೇ. ತಕ್ಕ ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಬೀಗದ ನೆನಪಾಯಿತು.

ಮಾರ್ಚ್ 4, ಮಂಗಳವಾರ

ನನ್ನನ್ನು ಎಲ್ಲರೂ ಕಿವುಡಿ ಅಂದುಕೊಂಡಿದ್ದಾರೆ.

ಬೆಳಿಗ್ಗೆ ಸ್ಲೇಟಿನ ಮೇಲೆ "ಚಹಾಕ್ಕೆ ಸಕ್ಕರೆ ಸಾಕಾ?" ಎಂದು ಬರೆದು ಇವರ ಮುಂದೆ ಹಿಡಿದೆ. ಇವರು, ಅಂದರೆ ನನ್ನ ಯಜಮಾನರು, ನನ್ನ ಕೈಯಿಂದ ಬಳಪ ಇಸಿದುಕೊಂಡು ಅದರ ಕೆಳಗೆ "ಸಾಕು" ಎಂದು ಬರೆದು ವಾಪಸು ಕೊಟ್ಟರು. ನನಗೆ ಕಿವಿ ಕೇಳಿಸುತ್ತದೆ ಎಂದು ಬರೆದೆ. ಓದಿದರು, ಯೋಚಿಸಿದರು, "ಗೊತ್ತು" ಎಂದು ಬರೆದರು. ಇವರನ್ನು ಕಟ್ಟಿಕೊಂಡು ನಾನು ಹೇಗೆ ಬಾಳಿದೆನೋ ಆ ದೇವರಿಗೇ ಗೊತ್ತು.

ಇವರಿಗೂ ಮಾತಿಗೂ ಮೊದಲಿನಿಂದಲೇ ಅಷ್ಟಕ್ಕಷ್ಟೆ. ಮನೆಯ ಪಕ್ಕದ ಶೆಡ್ಡಿನಲ್ಲಿ ಸೋಫಾ, ಕುರ್ಚಿ ರಿಪೇರಿ ಮಾಡುತ್ತಾರೆ. ರೆಕ್ಸಿನ್ ಎಳೆದು ಹಿಡಿಯಲು ಒಂದು ಕೈ, ಸುತ್ತಿಗೆಗೆ ಇನ್ನೊಂದು. ಮೊಳೆಗಳಿಗೆ ಉಳಿದದ್ದು ಬಾಯಿ. ತುಟಿಗಳ ನಡುವೆ ಸಣ್ಣ ಮೊಳೆಗಳ ಸಾಲು ಇಟ್ಟುಕೊಂಡು ಒಂದೊಂದಾಗಿ ನಾಲಿಗೆಯಿಂದ ಮುಂದೆ ತಳ್ಳುತ್ತಾರೆ. ಅಂಥವರ ಹತ್ತಿರ "ಹೂಂ" ಬಿಟ್ಟರೆ ಇನ್ನೇನು ಹೊರಡೀತು? ಊಟಕ್ಕೆ ಕೂತಾಗಲೂ ಅದೇ ಅಭ್ಯಾಸ. ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿಕೊಂಡು ಬಂದಿದ್ದೇನೆ.

ಮಧ್ಯಾಹ್ನ ಪಕ್ಕದ ಮನೆಯ ಟೀಚರಮ್ಮ ತಮ್ಮ ಬೆಕ್ಕನ್ನು ಎತ್ತಿಕೊಂಡು ಗೋಡೆಯ ಮೇಲಿಂದ ಇಣುಕಿದರು. ನಿವೃತ್ತರಾಗಿ ವರ್ಷಗಳಾದರೂ ಇನ್ನೂ ಕೊನೆಯ ಬೆಂಚಿಗೆ ಕೇಳಿಸುವಂತೆಯೇ ಮಾತಾಡುತ್ತಾರೆ. ಇವತ್ತು ಅದಕ್ಕಿಂತಲೂ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ, "ಗಂ-ಟ-ಲು ಹೇ-ಗಿ-ದೆ" ಅಂದರು. ನಾನು ತಲೆಯಾಡಿಸಿದೆ. "ಒಳ್ಳೇದೇ ಆಯ್ತು ಬಿಡಮ್ಮ, ಮಾತು ಬೆಳ್ಳಿ, ಮೌನ ಬಂಗಾರ" ಎಂದು ಕೂಗಿದರು. ಎದುರು ಮನೆಯವರು ಏನಾಯಿತೋ ಎಂದು ಹೊರಗೆ ಬಂದು ನೋಡಿದರು.

ಮಾರ್ಚ್ 6, ಗುರುವಾರ

ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತು ಬಂದೆ. ಮನಸ್ಸಿಗೆ ಬೇಜಾರಾಯಿತು.

ನಮ್ಮ ಹಿತ್ತಲಲ್ಲಿ ಒಂದು ನಿಂಬೆಗಿಡ, ಹುರುಳಿಕಾಯಿಯ ಸಾಲು, ಗೋಡೆಗೆ ಹಬ್ಬಿಸಿದ ಕುಂಬಳದ ಬಳ್ಳಿ, ಇಷ್ಟೇ. ಆದರೆ ಈ ಬೀದಿಯಲ್ಲಿ ಯಾರ ಮನೆಯಲ್ಲೂ ನಿಲ್ಲದ ಕುಂಬಳಕಾಯಿ ನಮ್ಮಲ್ಲಿ ನಿಲ್ಲುತ್ತದೆ. ಕಾರಣ ನಾನು. ನೀರು ಹಾಕುವಾಗ ಬಳ್ಳಿಯ ಹತ್ತಿರ ಮಾತಾಡುತ್ತೇನೆ. ಕಂಟ್ರೋಲರು ಏನಂದರು, ಮಗಳು ಯಾವ ಪಾಠಕ್ಕೆ ಹೆದರಿದ್ದಾಳೆ, ಹಾಲಿನವನು ಹೇಗೆ ನೀರು ಬೆರೆಸುತ್ತಾನೆ, ಎಲ್ಲ ಹೇಳುತ್ತೇನೆ. ಗಿಡಗಳಿಗೆ ಮಾತು ಬೇಕು. ಇದನ್ನು ಟೀಚರಮ್ಮನಿಗೂ ಎಷ್ಟೋ ಸಲ ಹೇಳಿದ್ದೇನೆ. ನಾನು ಬಿಡದೆ ಹೇಳಿದ್ದಕ್ಕೆ ಅವರೂ ಬಳ್ಳಿ ಹಬ್ಬಿಸಿದರು, ಪಾಠ ಮಾಡುವ ಧಾಟಿಯಲ್ಲಿ ಅದಕ್ಕೆ ಏನೇನೋ ಹೇಳಿದರು, ಒಂದು ಕಾಯೂ ಬಿಡಲಿಲ್ಲ.

ಈಗ ನಮ್ಮ ಬಳ್ಳಿಯ ತುಂಬ ಹಳದಿ ಹೂವು. ಮಾತಾಡಿಸಬೇಕಾದ ಹೊತ್ತಿಗೆ ಸರಿಯಾಗಿ ನಾನು ಮೂಕಿ. ಈ ವರ್ಷ ಕುಂಬಳಕಾಯಿಯ ಆಸೆ ಬಿಟ್ಟಂತೆಯೇ.

ಮಾರ್ಚ್ 9, ಭಾನುವಾರ

ಕರೆಯಲು ಸ್ಲೇಟು ಸಾಲುವುದಿಲ್ಲ. ಹಾಗಾಗಿ ಮಗಳು ಒಂದು ಪದ್ಧತಿ ಮಾಡಿಕೊಟ್ಟಳು. ಸ್ಟೀಲ್ ತಟ್ಟೆಗೆ ಚಮಚದಿಂದ ಒಂದು ಸಲ ಬಡಿದರೆ "ಇಲ್ಲಿ ಬನ್ನಿ", ಎರಡು ಸಲ ಬಡಿದರೆ "ಊಟಕ್ಕೆ ಬನ್ನಿ".

ನಾನು ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿತು. ಎರಡೂ ಕೈ ಒದ್ದೆ, ಕಾಲ ಕೆಳಗೆ ಸೋಪಿನ ನೀರು, ಓಡಿದರೆ ಬೀಳುತ್ತೇನೆ. ಹಾಲಿಗೆ ಎಷ್ಟು ಸಲ ಬಡಿಯಬೇಕು ಎಂದು ಪದ್ಧತಿಯಲ್ಲಿ ಇರಲಿಲ್ಲ. ಸಿಕ್ಕಿದ ಚೊಂಬನ್ನು ಬಕೆಟ್ಟಿಗೆ ಬಡಬಡ ಬಡಿದೆ. ಇವರು ಶೆಡ್ಡಿನಿಂದ ಬಂದರು, ಅಡುಗೆಮನೆಯಲ್ಲಿ ಕೈ ತೊಳೆದರು, ಉಕ್ಕುತ್ತಿದ್ದ ಹಾಲಿಗೆ ಬೆನ್ನು ಹಾಕಿ ಊಟದ ಮೇಜಿನ ಮುಂದೆ ಕೂತರು. ಮಗಳೂ ಬಂದು ಕೂತಳು. ನಾನು ಗೋಡೆ ಹಿಡಿದುಕೊಂಡು ಬರುವ ಹೊತ್ತಿಗೆ ಹಾಲು ಒಲೆ ಇಳಿದು ನೆಲಕ್ಕೆ ಬಂದಿತ್ತು.

"ಜೋರು ಹಸಿವು ಅಂದ್ಕೊಂಡೆ" ಅಂದರು ಇವರು. ನಾನು ಸದ್ದಿಲ್ಲದೆ ಎಷ್ಟು ನಕ್ಕೆನೆಂದರೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅಳುತ್ತಿದ್ದೇನೆ ಎಂದುಕೊಂಡು ಅಪ್ಪ ಮಗಳು ಇಬ್ಬರೂ ಸೇರಿ ಒಲೆ ಒರೆಸಿದರು. ನಾನೂ ತಿದ್ದಲು ಹೋಗಲಿಲ್ಲ.

ಮಾರ್ಚ್ 12, ಬುಧವಾರ

ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆ. ಯಾರೂ ಅದರ ಬಗ್ಗೆ ಮಾತಾಡುತ್ತಿಲ್ಲ, ಏಕೆಂದರೆ ಮಾತಾಡಬೇಕಾದವಳು ನಾನು. ಹೇಳದ ಮಾತೆಲ್ಲ ಸೇರಿ ಹೊಟ್ಟೆ ಉಬ್ಬರಿಸಿದೆ. ಮನೆ ಬಿಕೋ ಎನ್ನುತ್ತಿದೆ. ಬರೆಯುವುದಕ್ಕೂ ಮನಸ್ಸಿಲ್ಲ.

ಮಾರ್ಚ್ 15, ಶನಿವಾರ

ಇವರು ಮಾತಾಡಿದರು.

ಸಂಜೆ ಶೆಡ್ಡಿಗೆ ಚಹಾ ಒಯ್ದಿದ್ದೆ. ಯಾವಾಗಲೂ ನಾನು ಚಹಾದ ಜೊತೆ ಬಸ್ ನಿಲ್ದಾಣದ ಸುದ್ದಿಯನ್ನೂ ಒಯ್ಯುತ್ತೇನೆ. ಇವತ್ತು ಬರೀ ಚಹಾ. ಇವರು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. ನನ್ನ ಮುಖ ನೋಡಿದರು. ಸುದ್ದಿಯಿಲ್ಲದೆ ಚಹಾ ಗಂಟಲಲ್ಲಿ ಇಳಿಯಲಿಲ್ಲವೋ ಏನೋ, ಕೆಮ್ಮಿ, ಪಕ್ಕದಲ್ಲಿದ್ದ ಕುರ್ಚಿಯನ್ನು ತೋರಿಸಿದರು.

"ಇದು ಆ ವಕೀಲರದ್ದು" ಅಂದರು. "ಬಲಗಡೆ ಮಾತ್ರ ಸವೆದಿದೆ ನೋಡು. ಕಕ್ಷಿದಾರರು ಮಾತಾಡೋವಾಗೆಲ್ಲ ಬಲಕ್ಕೆ ವಾಲಿಕೊಂಡು ಕೂರ್ತಾರೆ. ಎಡಗಿವಿ ಕೇಳಿಸಲ್ಲ ಅವರಿಗೆ. ಯಾರಿಗೂ ಹೇಳಿಲ್ಲ, ಕುರ್ಚಿಗೆ ಮಾತ್ರ ಗೊತ್ತು."

ನನಗೆ ಗೊತ್ತಿದ್ದ ಇನ್ನೊಬ್ಬ ವಕೀಲರ ವಿಷಯ ತಟ್ಟನೆ ನೆನಪಾಗಿ ಸ್ಲೇಟು ತೆಗೆದುಕೊಂಡೆ. ಅಷ್ಟರಲ್ಲಿ ಇವರು ಮುಂದೆ ಹೋಗಿದ್ದರು. ಸೋಫಾದ ಸಂದಿಯಲ್ಲಿ ಏನೇನು ಸಿಗುತ್ತದೆ ಎಂದು ಹೇಳುತ್ತಿದ್ದರು. ಬಾಚಣಿಗೆ, ಒಂಟಿ ಓಲೆ, ಮಗುವಿನ ಹಾಲುಹಲ್ಲು. ಒಮ್ಮೆ ಒಬ್ಬ ಮುದುಕರ ಸೋಫಾದಲ್ಲಿ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತಂತೆ. ಅದನ್ನು ಬೆಕ್ಕು ಕದ್ದಿತೆಂದು ಹೇಳಿ ಅವರು ಹೊಸದನ್ನು ಹಾಕಿಸಿಕೊಂಡಾಗಿತ್ತು. "ವಾಪಸು ಕೊಟ್ಟರೆ ಮನೆಯಲ್ಲಿ ಬೈತಾರೆ, ನೀನೇ ಇಟ್ಕೋ ಮಾರಾಯ ಅಂದ್ರು" ಎಂದು ಹೇಳಿ ಇವರು ನಕ್ಕರು. ಡಬ್ಬಿ ತೆರೆದು ತೋರಿಸಿದರು. ನಿಜವಾಗಿಯೂ ಹಲ್ಲಿನ ಸೆಟ್ಟು.

ನಾನು ಬರೆಯಬೇಕೆಂದಿದ್ದದ್ದನ್ನು ಬರೆಯಲೇ ಇಲ್ಲ. ಏನಿತ್ತೋ ಈಗ ಮರೆತಿದೆ.

ಮಾರ್ಚ್ 19, ಬುಧವಾರ

ಕುಂಬಳಕಾಯಿ ನಿಂತಿದೆ. ಒಂದಲ್ಲ, ಎಲೆ ಸರಿಸಿದಲ್ಲೆಲ್ಲ ಮುಷ್ಟಿ ಗಾತ್ರದ ಕಾಯಿ.

ಸಂತೋಷಪಡಬೇಕಾದ್ದು, ನನಗೆ ಮುಖಭಂಗವಾಯಿತು. ನಾನು ಒಂದು ಮಾತೂ ಆಡದೆ ಇದು ಹೇಗೆ ಕಾಯಿ ಬಿಟ್ಟಿತು? ಇಷ್ಟು ವರ್ಷ ಆಡಿದ್ದೆಲ್ಲ ನೀರಲ್ಲಿ ಹೋಮವೇ? ಊಟದ ಹೊತ್ತಿನಲ್ಲಿ ಸ್ಲೇಟಿನ ಮೇಲೆ "ಬಳ್ಳಿಗೆ ಯಾರು ಏನು ಮಾಡಿದಿರಿ?" ಎಂದು ಬರೆದು ಮೇಜಿನ ನಡುವೆ ಇಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಹೆಗಲು ಮುಟ್ಟಲಿಲ್ಲ, ಕಿವಿ ಕೆರೆದುಕೊಂಡರು. ಮಗಳು ತಟ್ಟೆಯೊಳಗೆ ಮುಖ ಹುದುಗಿಸಿದಳು.

"ಅಪ್ಪಾ, ಹೇಳಿಬಿಡಿ. ಈಗ ಹೇಳಿದ್ರೆ ಅಮ್ಮ ಬೈಯೋಕೂ ಆಗಲ್ಲ" ಅಂದಳು.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಬೇಗ ಇವರು ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಗೋಂದು ಹಚ್ಚುವ ಬ್ರಷ್ಷು, ಹೊಚ್ಚಹೊಸದು. ಗಂಡುಹೂವಿನೊಳಗೆ ಅದನ್ನು ಮೆಲ್ಲಗೆ ಆಡಿಸಿ, ಬ್ರಷ್ಷಿಗೆ ಅಂಟಿದ ಹಳದಿ ಪುಡಿಯನ್ನು ಹೆಣ್ಣುಹೂವಿಗೆ ಸವರಿದರು. "ಕೆಳಗೆ ಪುಟ್ಟ ಗುಂಡು ಇದೆಯಲ್ಲ, ಅದೇ ಹೆಣ್ಣುಹೂವು. ಬಿಸಿಲೇರಿದರೆ ಮುಚ್ಚಿಕೊಳ್ಳುತ್ತೆ" ಅಂದರು. ಸೋಫಾಕ್ಕೆ ಸುತ್ತಿಗೆ ಬೀಸುವ ಕೈ ಅಷ್ಟು ಹಗುರ ಆಗುತ್ತದೆ ಎಂದು ನಾನು ನೋಡಿರಲಿಲ್ಲ.

ಮನೆ ಮುಂದಿನ ರಸ್ತೆ ಅಗಲ ಮಾಡಲು ಮರಗಳನ್ನು ಕಡಿದ ವರ್ಷದಿಂದ ಜೇನುನೊಣ ಬರುವುದು ನಿಂತಿತಂತೆ. "ಆ ಸಲ ಒಂದು ಕಾಯೂ ನಿಲ್ಲಲಿಲ್ಲ. ನೀನು ಬಳ್ಳಿ ಹತ್ರ ಎಷ್ಟು ಬೇಜಾರು ಮಾಡ್ಕೊಂಡು ಮಾತಾಡಿದೆ. ಮುಂದಿನ ವರ್ಷದಿಂದ ಶುರು ಮಾಡಿದೆ. ನೀನು ಏಳೋದ್ರೊಳಗೆ ಮುಗಿಸಿ ಶೆಡ್ಡಿಗೆ ಹೋಗಿಬಿಡ್ತಿದ್ದೆ."

ಯಾಕೆ ಹೇಳಲಿಲ್ಲ ಎಂದು ಬರೆದೆ.

"ಹೇಳಿದ್ರೆ ನೀನು ಬಳ್ಳಿ ಜೊತೆ ಮಾತಾಡೋದು ಬಿಟ್ಟುಬಿಡ್ತಿದ್ದೆ" ಅಂದರು. "ಶೆಡ್ಡಿನ ಕಿಟಕಿ ಇಲ್ಲೇ ಇದೆಯಲ್ಲ. ಎಲ್ಲಾ ಕೇಳಿಸ್ತಿತ್ತು. ಸುತ್ತಿಗೆ ಮುಟ್ತಾನೇ ಇರಲಿಲ್ಲ ನಾನು. ನನಗೆ ನೇರವಾಗಿ ಹೇಳೋವಾಗ ಉತ್ತರ ಬೇಕು ಅಂತೀಯ. ನಾನು ಉತ್ತರ ಹುಡುಕೋದ್ರೊಳಗೆ ನನ್ನ ಉತ್ತರಾನೂ ನೀನೇ ಹೇಳಿಬಿಟ್ಟು ಅದಕ್ಕೆ ಜಗಳಾನೂ ಮಾಡ್ತೀಯ. ಬಳ್ಳಿಗೆ ಹೇಳೋವಾಗ ಹಾಗಲ್ಲ. ಆರಾಮಾಗಿ ಕೇಳಬಹುದು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬಳ್ಳಿಗೆ ಹೇಳಿದ್ದರಲ್ಲಿ ಇವರನ್ನು ಬೈದದ್ದೇ ಮುಕ್ಕಾಲು ಪಾಲು. ಅದನ್ನೂ ಕೇಳಿಸಿಕೊಂಡಿರಬೇಕು. ಅದನ್ನೇ ಬರೆದು ತೋರಿಸಿದೆ. "ಕೆಲವು ಸರಿಯಾಗೇ ಬೈದಿದ್ದೆ" ಅಂದರು. ಬ್ರಷ್ಷು ನನ್ನ ಕೈಗೆ ಕೊಟ್ಟರು. ಉಳಿದ ಹೂವುಗಳಿಗೆ ನಾನು ಸವರಿದೆ.

ಮಾರ್ಚ್ 28, ಶುಕ್ರವಾರ

ಎಷ್ಟೋ ದಿನ ಬರೆಯಲು ಪುರಸೊತ್ತಾಗಲಿಲ್ಲ. ಬೆಳಿಗ್ಗೆ ಹೂವು, ಸಂಜೆ ಶೆಡ್ಡು. ನಲ್ಲಿಯ ವಾಷರು ಹೋಗಿದೆ ಎಂದು ಇವರೇ ಕಂಡುಹಿಡಿದು ಬದಲಿಸಿದರು. ಹಾಗೆ ಬದಲಿಸುವಾಗ ಇವರ ಅಪ್ಪ ಬಾವಿಯ ರಾಟೆಗೆ ಎಣ್ಣೆ ಹಾಕಲು ಹೋಗಿ ಎಣ್ಣೆ ಡಬ್ಬಿಯನ್ನೇ ಬಾವಿಗೆ ಬೀಳಿಸಿದ ಕಥೆ ಹೇಳಿದರು. ಮನೆಯವರೆಲ್ಲ ಒಂದು ವಾರ ಎಣ್ಣೆ ನೀರು ಕುಡಿದರಂತೆ. ನನ್ನ ಮಾವನವರು ಅಷ್ಟು ಗಂಭೀರವಾಗಿರುತ್ತಿದ್ದದ್ದು ಯಾಕೆ ಎಂದು ಈಗ ಅರ್ಥವಾಯಿತು.

ಮಗಳು ಬಸ್ ನಿಲ್ದಾಣದ ಸುದ್ದಿ ತಂದಿದ್ದಳು. ನನ್ನ ಜಾಗದಲ್ಲಿ ಕೂತಿರುವ ಹೊಸ ಹುಡುಗಿ ಊರಿನ ಹೆಸರಿನ ಕೊನೆಯನ್ನು ನುಂಗುತ್ತಾಳಂತೆ. "ಆದ್ರೆ ಅಮ್ಮಾ, ಒಳ್ಳೇ ಹುಡುಗಿ. ನಿನ್ನ ಕುರ್ಚಿ ಮೇಲೆ ಇನ್ನೂ ಕೂತಿಲ್ಲ, ಸ್ಟೂಲು ಹಾಕ್ಕೊಂಡು ಕೂರ್ತಾಳೆ." ಅದನ್ನು ಕೇಳಿ ನನಗೆ ಅವಳ ಮೇಲಿದ್ದ ಹೊಟ್ಟೆಕಿಚ್ಚು ಅರ್ಧ ಇಳಿಯಿತು.

ಇವತ್ತಿನ ದೊಡ್ಡ ಸುದ್ದಿ ಬೇರೆ. ಮೊದಲನೆಯ ಕುಂಬಳಕಾಯಿಯನ್ನು ಯಾವಾಗಲೂ ಟೀಚರಮ್ಮನಿಗೆ ಕೊಡುವುದು ವಾಡಿಕೆ. ಯಾವುದು ಅವರಿಗೆ ಎಂದು ಗೋಡೆಯ ಮೇಲಿಂದ ಬೆರಳು ಮಾಡಿ ತೋರಿಸಿದೆ. ಅವರು ಗೋಡೆಗೆ ಇನ್ನಷ್ಟು ಹತ್ತಿರ ಬಂದರು. ಮೊದಲ ಸಲ ಮೆಲುದನಿಯಲ್ಲಿ, "ಒಂದು ಮಾತು ಹೇಳ್ಲಾ? ನನಗೆ ಕುಂಬಳಕಾಯಿ ಸೇರಲ್ಲಮ್ಮ" ಅಂದರು. "ಚಿಕ್ಕಂದಿನಿಂದಲೂ ಸೇರಲ್ಲ. ಮೊದಲನೇ ವರ್ಷವೇ ಹೇಳೋಣ ಅಂತಿದ್ದೆ. ನೀನು ಹೇಗೆ ಬೇಯಿಸಬೇಕು ಅಂತ ಹೇಳ್ತಾ ಹೋದೆ, ನನಗೆ ಸಂದು ಸಿಗಲಿಲ್ಲ. ಎರಡನೇ ವರ್ಷ ಹೇಳಿದ್ರೆ ಮೊದಲ್ನೇ ವರ್ಷ ಯಾಕೆ ತಗೊಂಡ್ರಿ ಅಂತೀಯ. ಹಾಗೇ ನಡೀತು."

ಇಷ್ಟು ವರ್ಷದ ಕಾಯಿಗಳೆಲ್ಲ ಏನಾದವು ಎಂದು ಸನ್ನೆ ಮಾಡಿ ಕೇಳಿದೆ. ಅವರ ತಂಗಿಯ ಮನೆಗೆ ಹೋಗುತ್ತಿದ್ದವಂತೆ. ತಂಗಿಯ ಹತ್ತಿರ ವರ್ಷಕ್ಕೊಮ್ಮೆಯಾದರೂ ಹೋಗುವುದಕ್ಕೆ ಅದೇ ನೆಪವಾಗಿತ್ತಂತೆ, ಇಬ್ಬರಿಗೂ ಹಿಂದೆ ಏನೋ ಮನಸ್ತಾಪ. ಆ ಕಥೆ ಕೇಳುತ್ತಾ ಗೋಡೆಯ ಪಕ್ಕ ಕಾಲು ಸೋಲುವವರೆಗೂ ನಿಂತೆ. ದೊಡ್ಡ ಕಾಯಿಯನ್ನೇ ಕೊಡುತ್ತೇನೆ, ತಂಗಿಗೆ.

ಏಪ್ರಿಲ್ 2, ಬುಧವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಕನ್ನಡಿ ಹಾಕಿ ನೋಡಿ, "ಗಾಯ ಚೆನ್ನಾಗಿ ಮಾಗಿದೆ. ಈಗ ಮೆಲ್ಲಗೆ ‘ಆ’ ಅನ್ನಿ" ಅಂದರು.

ಅಂದೆ. ಗಾಳಿ ಬಂತು. ಇನ್ನೊಮ್ಮೆ ಅಂದೆ. ಗಾಳಿಯೇ. ಡಾಕ್ಟರು ನನ್ನ ಹೆಗಲು ಒತ್ತಿ ನೋಡಿ, "ಬಿಗಿ ಹಿಡಿದಿದ್ದೀರಿ. ಒತ್ತಾಯ ಮಾಡಬೇಡಿ, ಸೋಮವಾರ ಬನ್ನಿ" ಅಂದರು. ಸೋಮವಾರವೂ ಸ್ವರ ಬರದಿದ್ದರೆ ಎಂದು ಇವರು ಕೇಳಿದರು. "ಅವತ್ತು ನೋಡೋಣ" ಅಂದರು ಡಾಕ್ಟರು. ಸರಿಯಾದ ಉತ್ತರವಿದ್ದಿದ್ದರೆ ಕೊಡುತ್ತಿದ್ದರು.

ಬಸ್ಸಿನಲ್ಲಿ ಬರುವಾಗ ನಿಲ್ದಾಣದ ಮುಂದೆಯೇ ಹಾದು ಬಂದೆವು. ಆ ಹುಡುಗಿಯ ದನಿ ಕೇಳಿಸಿತು. ನಾನು ಇನ್ನೊಂದು ಕಿಟಕಿಯ ಕಡೆ ತಿರುಗಿದೆ. ಇವರು ನನ್ನ ಕೈ ಹಿಡಿದುಕೊಂಡು ಮನೆಯವರೆಗೂ ಬಿಡಲಿಲ್ಲ.

ಏಪ್ರಿಲ್ 3, ಗುರುವಾರ

ಬಚ್ಚಲ ಬಾಗಿಲು ಹಾಕಿ, ನಲ್ಲಿ ಜೋರಾಗಿ ಬಿಟ್ಟು, ಮೊದಲನೇ ಪ್ಲಾಟ್‌ಫಾರ್ಮಿನ ಬಸ್ಸನ್ನು ಕರೆದೆ. ನೀರಿನ ಸದ್ದು ಮಾತ್ರ. ಸಂಜೆ ಶೆಡ್ಡಿನಲ್ಲಿ ಇವರ ಬಾಯಲ್ಲಿ ಮತ್ತೆ ಮೊಳೆ. ಕೈಯಲ್ಲಿ ಕೆಲಸ ಏನೂ ಇರಲಿಲ್ಲ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಇವರು ಒಂದು ದೊಡ್ಡ ಸೋಫಾದ ಮುಂದೆ ಕೈ ಕಟ್ಟಿ ನಿಂತಿದ್ದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನದು, ರೋಗಿಗಳು ಕಾಯುತ್ತಾ ಕೂರುವಂಥದ್ದು. ಅಡಿಯ ಬಟ್ಟೆಗೆ ಇನ್ನೂ ಮೊಳೆ ಹೊಡೆದಿರಲಿಲ್ಲ.

"ನಿನ್ನೆ ಇದನ್ನ ತಗೊಂಡು ಹೋಗೋಕೆ ಅವರ ಕಂಪೌಂಡರು ಗಾಡಿ ತಂದಿದ್ರು" ಅಂದರು, ಮೂರು ದಿನದ ಮೇಲೆ ಮೊದಲ ಸಲ ನನ್ನ ಹತ್ತಿರ ಬಾಯಿ ಬಿಟ್ಟು. "ಕೊಡಲಿಲ್ಲ ನಾನು. ಸ್ಪ್ರಿಂಗು ಇನ್ನೂ ಕೂತಿಲ್ಲ ಅಂದೆ. ಗಿರಾಕಿಗೆ ಸುಳ್ಳು ಹೇಳಿದ್ದು ಇದೇ ಮೊದಲು."

ನಾನು ತಲೆ ಎತ್ತಿದೆ. ಇವರು ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು.

"ಅಡಿ ಬಟ್ಟೆ ಹೊಡೆಯೋಣ ಅಂತ ಬಗ್ಗಿ ಒಳಗೆ ಕೈ ಹಾಕಿದೆ. ಮೆತ್ತೆ ಬೆಚ್ಚಗಿತ್ತು. ಬಿಸಿಲಲ್ಲಿ ಇಟ್ಟಿಲ್ಲ, ಏನಿಲ್ಲ, ಮೆತ್ತೆ ಯಾಕೆ ಬೆಚ್ಚಗಿರುತ್ತೆ? ಇನ್ನೂ ಸ್ವಲ್ಪ ಒಳಗೆ ಹಾಕಿದೆ. ಮೆತ್ತೆ ಉಸಿರಾಡ್ತಾ ಇದೆ. ಕೈ ಹಿಂದಕ್ಕೆ ಎಳೆಯೋಣ ಅಂದ್ರೆ ಭಯ, ಅಲ್ಲೇ ಇಟ್ಟಿರೋಣ ಅಂದ್ರೂ ಭಯ. ಹಾಗೇ ಇಟ್ಟಿದ್ದೆ. ಅದು ನನ್ನ ಬೆರಳು ನೆಕ್ಕಿತು."

ನಾನು ಕಾಯಿಯನ್ನು ಸಿಪ್ಪೆಯ ಕಡೆಗೂ ನಾರನ್ನು ಪಾತ್ರೆಯ ಕಡೆಗೂ ಹಾಕುತ್ತಿದ್ದೆ.

"ಆಮೇಲೆ?" ಅಂದೆ.

"ಆಮೇಲೇನು, ಟೀಚರಮ್ಮನ ಬೆಕ್ಕು. ಒಳಗೆ ಮರಿ ಹಾಕ್ಕೊಂಡು ಮಲಗಿದೆ. ಅವರು ನೋಡಿದ್ರೆ ಬೀದಿಯೆಲ್ಲಾ ಹುಡುಕ್ತಾ ಇದ್ದಾರೆ. ಮೆಲ್ಲಗೆ ಗೋಡೆ ಹತ್ರ ಹೋಗಿ ಅವರಿಗೆ..." ಅಂದವರು ಅಲ್ಲಿಗೇ ನಿಂತರು.

ಆಗಲೇ ನನಗೂ ಗೊತ್ತಾದದ್ದು. ಮೊದಲಿನ ಸ್ವರವಲ್ಲ, ಸ್ವಲ್ಪ ದಪ್ಪ, ಸ್ವಲ್ಪ ಒರಟು, ಈಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ. ಮೈಕಿಗೆ ಆಗುತ್ತದೋ ಇಲ್ಲವೋ ನಾಳೆ ಡಾಕ್ಟರು ಹೇಳಬೇಕು. ಆದರೆ ಸ್ವರವೇ, ಗಾಳಿಯಲ್ಲ. ಇವರ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದ್ಸಲ ಹೇಳು" ಅಂದರು.

ಒಂದು ತಿಂಗಳಿನಿಂದ ಕೂಡಿಟ್ಟ ಮಾತು ಅಷ್ಟೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಉಕ್ಕಿದ ಹಾಲು, ಕಂಟ್ರೋಲರು, ನನ್ನ ಕುರ್ಚಿ, ಬಚ್ಚಲಲ್ಲಿ ಕರೆದ ಬಸ್ಸು, ಎಲ್ಲ.

"ಮೊದ್ಲು ಬೆಕ್ಕಿನ ವಿಷಯ ಮುಗಿಸಿ" ಅಂದೆ.